ಪದವೀಮೂಲ್ಯ ಮೀಮಾಂಸೆ: ದಾವಣಗೆರೆ–ಹರಿಹರ ಖಂಡ

ಪದವಿಯ ಬೆಲೆ ಅಳೆಯಲು ರೂಪಾಯಿ ತಕ್ಕ ಮಾನವಲ್ಲ ಎಂಬುದು ಈ ಮಹಾಪ್ರಬಂಧದ ಮೊದಲ ಪ್ರಮೇಯ. ದಾವಣಗೆರೆ ಸೀಮೆಯಲ್ಲಿ ಫೀಸು ಕಟ್ಟುವ ಅಪ್ಪನ ಕೈಗೆ ರೂಪಾಯಿ ನೇರವಾಗಿ ಬರುವುದಿಲ್ಲ. ಅದು ಮೊದಲು ಕಾಳಾಗಿ ಎಪಿಎಂಸಿ ಯಾರ್ಡಿಗೆ ಹೋಗಿ, ತೂಕವಾಗಿ, ದಲ್ಲಾಳಿ ಅಂಗಡಿಯ ಚೀಟಿಯಾಗಿ, ಹಳೆಯ ಬಾಕಿ ಮುರಿದುಕೊಂಡ ಮೇಲೆ ಉಳಿದರೆ ರೂಪಾಯಿಯಾಗುತ್ತದೆ. ಆದಕಾರಣ ಇಲ್ಲಿ ಮೂಲಮಾನವಾಗಿ ಮೆಕ್ಕೆಜೋಳದ ಕ್ವಿಂಟಲನ್ನು ಸ್ವೀಕರಿಸಲಾಗಿದೆ. ಬೆಣ್ಣೆ ದೋಸೆಯನ್ನೇ ಮಾನವಾಗಿಸಬೇಕೆಂದು ಕೆಲವು ವಿದ್ವಾಂಸರು ಹಟ ಹಿಡಿದಿದ್ದರು. ಕ್ಷೇತ್ರಕಾರ್ಯದ ಹೊತ್ತಿನಲ್ಲಿ ಮೂಲಮಾನಗಳನ್ನು ಅವರೇ ತಿಂದು ಮುಗಿಸಿದ್ದರಿಂದ ಆ ಸಲಹೆ ಬಿದ್ದುಹೋಯಿತು.

ಮಾನ ಗೊತ್ತಾದ ಮೇಲೆ ಲೆಕ್ಕ ಸುಲಭ. 2024–25ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ ಇತ್ತು. ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲು. ಹತ್ತೇ ಲಕ್ಷ ಎಂದು ಹಿಡಿದರೂ 449 ಕ್ವಿಂಟಲ್ ಆಯಿತು. ಎಕರೆಗೆ ಇಪ್ಪತ್ತು ಕ್ವಿಂಟಲ್ ಬೆಳೆದರೆ ಇಪ್ಪತ್ತೆರಡು ಎಕರೆಯ ಇಡೀ ಫಸಲು; ಬೀಜ, ಗೊಬ್ಬರ, ಕೂಲಿ, ಊಟ ಎಲ್ಲವನ್ನೂ ಮರೆತರೆ. ಜಗಳೂರಿನ ಮಳೆಯಾಶ್ರಿತ ಹೊಲದವನು ಇದನ್ನು ಮರೆಯುವುದಿಲ್ಲ. ಅವನು ಮರೆಯುವುದು ಸೀಟನ್ನು. ಅದೇ ಹತ್ತು ಲಕ್ಷ ಚನ್ನಗಿರಿಯ ತೋಟದವರಿಗೆ, ರಾಶಿ ಅಡಿಕೆ ಕ್ವಿಂಟಲಿಗೆ ಅರ್ಧ ಲಕ್ಷದ ಆಸುಪಾಸು ಇರುವಾಗ, ಬರೀ ಇಪ್ಪತ್ತು ಕ್ವಿಂಟಲ್. ವೈದ್ಯಕೀಯ ಪ್ರತಿಭೆಯು ಮಣ್ಣಿನ ತೇವಾಂಶಕ್ಕೆ ಅನುಗುಣವಾಗಿ ಹುಟ್ಟುತ್ತದೆ ಎಂಬ ನಮ್ಮ ಎರಡನೆಯ ಪ್ರಮೇಯ ಇದರಿಂದ ಸಿದ್ಧವಾಯಿತು.

ಇಲ್ಲೊಬ್ಬ ಪೂರ್ವಪಕ್ಷಿ ಎದ್ದರು. ‘ಅಲ್ರೀ, ರ್‍ಯಾಂಕ್ ಬಂದ ಹುಡುಗನಿಗೆ ಸರ್ಕಾರಿ ಕೋಟಾ ಇಲ್ವೇನ್ರಿ?’ ಇದೆ. ಆದರೆ ಆ ರ್‍ಯಾಂಕ್ ಬರಲು ಎರಡು ವರ್ಷದ ಕೋಚಿಂಗಿಗೆ ಎಷ್ಟು ಕ್ವಿಂಟಲ್ ಎಂದು ಮರುಪ್ರಶ್ನೆ ಹಾಕಿದಾಗ ಅವರು ಮಂಡಕ್ಕಿಯ ಮೇಲಿನ ಮೆಣಸಿನಕಾಯಿ ಕಚ್ಚಿಕೊಂಡು ಬಹಳ ಹೊತ್ತು ಉತ್ತರಿಸಲಿಲ್ಲ. ಖಾರವೇ ಕಾರಣವಿರಬಹುದು.

ಇನ್ನು ಇತಿಹಾಸ. ಒಂದು ಕಾಲಕ್ಕೆ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿ ಮಿಲ್ಲುಗಳ ಸೈರನ್ನಿಗೆ ಊರು ಎದ್ದು ಮಲಗುತ್ತಿತ್ತು. 1951ರಲ್ಲಿ ಇಲ್ಲೊಂದು ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಅದಕ್ಕೆ ದಾನ ಕೊಟ್ಟ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ಹೆಸರೇ ಇಂದಿಗೂ ಯುಬಿಡಿಟಿ ಎಂಬ ಅಕ್ಷರಗಳಲ್ಲಿ ಕೂತಿದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು, ಕಾಲೇಜುಗಳು ತೆರೆದವು, ಊರು ವಿದ್ಯಾನಗರಿಯಾಯಿತು. ಮೊದಲು ಉಳ್ಳವರ ಗಲ್ಲೆಯಿಂದ ಕಾಲೇಜಿನ ಕಡೆಗೆ ಹರಿಯುತ್ತಿದ್ದ ಹಣ, ನಡುವೆ ಎಲ್ಲೋ ತಿರುಗಿ, ಹೊಲದಿಂದ ಕಾಲೇಜಿನ ಕಡೆಗೆ ಹರಿಯತೊಡಗಿತು. ತಿರುಗಿದ ನಿಖರ ಜಾಗದ ಉತ್ಖನನ ಇನ್ನೂ ನಡೆದಿಲ್ಲ.

ನ್ಯಾಯಶಾಸ್ತ್ರದ ಭಾಷ್ಯಪರಂಪರೆ ಮಾತ್ರ ಸಮೃದ್ಧವಾಗಿದೆ. 1984ರಲ್ಲಿ ನಮ್ಮ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಮಾಡಿತು, ಇದು ಮೂಲಸೂತ್ರ. 1989ರಲ್ಲಿ ಅದೇ ರಾಜ್ಯ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದರಪಟ್ಟಿ ಹೊರಡಿಸಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000, ಇದು ಮೊದಲ ವಾರ್ತಿಕ. ತುಮಕೂರಿನ ಸೀಟಿಗಾಗಿ ಮೀರತ್ತಿನಿಂದ ಬಂದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, ಹೀಗೆ ವಸೂಲು ಮಾಡುವುದೂ ಕ್ಯಾಪಿಟೇಷನ್ನೇ, ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್ ಎಂಬ ವ್ಯವಸ್ಥೆ ಬಂತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಆ ಲೆಕ್ಕ ಹೋಗಿ, ಲಾಭಕೋರತನ ಕೂಡದು ಆದರೆ ಸಮಂಜಸ ಮಿಗತೆ ಇರಬಹುದು ಎಂಬ ಸೂಕ್ಷ್ಮ ಭೇದ ಹುಟ್ಟಿತು. ಜೀವಾತ್ಮ ಪರಮಾತ್ಮರ ಭೇದವನ್ನು ವಿವರಿಸುವ ಆಚಾರ್ಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಲಾಭಕ್ಕೂ ಮಿಗತೆಗೂ ಇರುವ ಭೇದವನ್ನು ಬಿಡಿಸಿ ಹೇಳಬಲ್ಲವರು ಲೆಕ್ಕಪರಿಶೋಧಕರು ಮಾತ್ರ, ಅವರು ಮೌನವ್ರತಿಗಳು.

ಅರ್ಧ–ಅರ್ಧ ಸಿದ್ಧಾಂತದ ಮೂಲ ದೆಹಲಿಯಲ್ಲಿಲ್ಲ, ಹರಿಹರದಲ್ಲಿದೆ ಎಂದು ಸಾಧಿಸುವುದು ಈ ಪ್ರಬಂಧದ ಹೆಗ್ಗಳಿಕೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ದೇವರು ಬಲಕ್ಕೆ ಹರ, ಎಡಕ್ಕೆ ಹರಿ. ಹರಿಯಿಂದಲೂ ಹರನಿಂದಲೂ ಸಾವಿಲ್ಲದ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಬೇಕಾಯಿತೆಂದು ಸ್ಥಳಪುರಾಣ. ಕ್ಯಾಪಿಟೇಷನ್ ಎಂಬ ಅಸುರನಿಗೂ ಅಂಥದ್ದೇ ವರವಿತ್ತು: ಸರ್ಕಾರದಿಂದ ಸಾವಿಲ್ಲ, ಮಾರುಕಟ್ಟೆಯಿಂದಲೂ ಇಲ್ಲ. ಎರಡನ್ನೂ ಸೇರಿಸಿ ಅರ್ಧ ಫ್ರೀ ಅರ್ಧ ಪೇಮೆಂಟಿನ ಮೂರ್ತಿ ನಿಲ್ಲಿಸಿದಾಗ ಅಸುರ ಸಾಯಲಿಲ್ಲ, ಎಡಭಾಗಕ್ಕೆ ಅರ್ಜಿ ಹಾಕಿದ. ಸಿದ್ಧಾಂತ ಎಷ್ಟು ಗಟ್ಟಿಯೆಂದರೆ, ಸರ್ಕಾರಿ ಕಾಲೇಜೇ ಆದ ಯುಬಿಡಿಟಿಯಲ್ಲೂ ಅರ್ಧದಷ್ಟು ಸೀಟುಗಳು ಹೆಚ್ಚು ಶುಲ್ಕದ ಪೇಮೆಂಟ್ ಕೋಟಾಕ್ಕೆ ಹೋದವೆಂದು 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ದಾವಣಗೆರೆ ಬಂದ್‌ಗೂ ಕರೆ ಬಂತು. ದಾನ ಕೊಟ್ಟವರ ಹೆಸರು ಮಾತ್ರ ಪೂರ್ತಿಯಾಗಿಯೇ ಉಳಿದಿದೆ.

ಹರಿಹರ ಕಲಿಸುವ ಇನ್ನೊಂದು ಪಾಠವೂ ಇದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಯಂತ್ರ ಮಾಡುತ್ತಿತ್ತು. ಎಸ್ಸೆಸ್ಸೆಲ್ಸಿ ಮೇಲೊಂದು ಐಟಿಐ ಮಾಡಿ ಅದರ ಗೇಟಿನೊಳಗೆ ಹೋದ ಹುಡುಗನಿಗೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿತು, ಈಗ ಮುಂದಿನ ಪ್ರಶ್ನೆಗಳೇ ಜಾಸ್ತಿ. ಬಿ.ಇ. ಏನೋ ಸರಿ, ಬೆಂಗಳೂರಲ್ಲಿ ಯಾವ ಕಂಪನಿ, ಪ್ಯಾಕೇಜ್ ಎಷ್ಟು? ದೊಡ್ಡ ಐಟಿ ಕಂಪನಿಗಳು 2013ರ ಹೊತ್ತಿಗೆ ಹೊಸಬರಿಗೆ ವರ್ಷಕ್ಕೆ ಸುಮಾರು 3.25 ಲಕ್ಷ ಕೊಡುತ್ತಿದ್ದವು, ಮೆಕ್ಕೆಜೋಳಕ್ಕೆ ಆಗ ಬೆಂಬಲ ಬೆಲೆ 1,310. ಅಂದರೆ 248 ಕ್ವಿಂಟಲಿನ ಎಂಜಿನಿಯರು. 2024–25ರಲ್ಲಿ ಸಂಬಳ 3.6 ಲಕ್ಷದ ಸುತ್ತ ಇತ್ತು, ಎಂಜಿನಿಯರು 162 ಕ್ವಿಂಟಲಿಗೆ ಇಳಿದಿದ್ದ. ಮೆಕ್ಕೆಜೋಳದ ಬೆಲೆ ಸಾಲದು ಎಂದು ಅಳುವ ಅಪ್ಪನಿಗೆ, ತನ್ನ ಜೋಳ ಮಗನ ಸಂಬಳವನ್ನು ಸೋಲಿಸಿದ ಸಂಗತಿಯನ್ನು ಯಾರೂ ತಿಳಿಸಿಲ್ಲ.

ಮಗ ಬೆಂಗಳೂರು ತಲುಪುವ ಮೊದಲು ಅಪ್ಪ ಬ್ಯಾಂಕ್ ತಲುಪಿರುತ್ತಾನೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ನಾಲ್ಕು ಲಕ್ಷದವರೆಗೆ ಜಾಮೀನು ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು. ಏಳೂವರೆ ಎಂಬ ಸಂಖ್ಯೆಯ ಮಹಿಮೆ ಶನಿಮಹಾತ್ಮನ ಕಾಲದಿಂದ ನಮಗೆ ತಿಳಿದದ್ದೇ. ಬ್ಯಾಂಕಿನವರು ವರ್ಷವನ್ನು ಲಕ್ಷವಾಗಿಸಿದ್ದಾರೆ, ಅಷ್ಟೇ.

ಕೊನೆಯದಾಗಿ, ಕೆಲಸವಿಲ್ಲದ ಬರೀ ಪದವಿಗೆ ಅಧಿಕೃತ ಬೆಲೆ ಇದೆಯೇ? ಇದೆ. ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿರುವುದು ಅರ್ಹತೆ, ಎರಡು ವರ್ಷ ಅದರ ಮಿತಿ. ಒಟ್ಟು 72,000, ಅಂದರೆ 2024–25ರ ಬೆಲೆಗೆ 32 ಕ್ವಿಂಟಲ್ ಚಿಲ್ಲರೆ. ನಡುನಡುವೆ ‘ನಾನಿನ್ನೂ ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಕೊಡಬೇಕು. ಪ್ರಶ್ನೆಪತ್ರಿಕೆ ಸೋರಿಕೆಯಾದರೂ ಫಲಿತಾಂಶ ಬದಲಾಗದ ಏಕೈಕ ಪರೀಕ್ಷೆ ಇದು.

ಈ ಪ್ರಬಂಧವನ್ನು ಪಿಎಚ್‌.ಡಿ.ಗೆ ಒಪ್ಪಿಕೊಳ್ಳುವ ಮನಸ್ಸಿರುವ ವಿಶ್ವವಿದ್ಯಾಲಯಗಳು ಶುಲ್ಕವನ್ನು ಮೊದಲೇ ತಿಳಿಸಬೇಕಾಗಿ ವಿನಂತಿ. ಕ್ವಿಂಟಲಿನಲ್ಲೇ ತಿಳಿಸಿ, ಮೆಕ್ಕೆಜೋಳವೋ ಅಡಿಕೆಯೋ ಎಂಬುದನ್ನೂ ಬರೆಯಿರಿ. ಅಡಿಕೆಯಾದರೆ ನಮಗೆ ತೋಟವಿಲ್ಲ.