ಕರೆಂಟ್ ಹೋಗಲಿ ಅಂತ ಕಾಯುವ ಮಾಮ

ಕರೆಂಟ್ ಹೋದರೆ ಬೀದಿಗೆಲ್ಲ ಬೇಜಾರು, ಒಬ್ಬರ ಮುಖ ಮಾತ್ರ ಅರಳುತ್ತದೆ. ಅವರೇ ಕಾರ್ ಮಾಮ. ಚಿತ್ರದುರ್ಗದಲ್ಲಿ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಹಿರಿಯೂರಿನ ಹೊಸ ಲೇಔಟುಗಳಲ್ಲಿದ್ದಾರೆ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅಡಿಕೆ ರೇಟು ಏರಿದ ವರ್ಷ ಒಂದಿಬ್ಬರು ಹೊಸದಾಗಿ ಹುಟ್ಟಿಕೊಳ್ಳುತ್ತಾರೆ. ನಿವೃತ್ತ ಮೇಷ್ಟ್ರೋ, ಬ್ಯಾಂಕ್ ಮ್ಯಾನೇಜರೋ, ಪಿಡಬ್ಲ್ಯುಡಿ ಇಂಜಿನಿಯರೋ ಆಗಿರುತ್ತಾರೆ. ಎಲೆಕ್ಟ್ರಿಕ್ ಕಾರು ಕೊಡಿಸಿದ್ದು ಬೆಂಗಳೂರಿನ ಮಗ. ಅದರಿಂದ ಮಿಕ್ಸಿ ಓಡಿಸಬಹುದು ಎಂದು ಕಂಡುಕೊಂಡದ್ದು ತಾವು. ಇದರಲ್ಲಿ ಎರಡನೆಯದನ್ನು ಮಾತ್ರ ಊರಿಗೆ ಹೇಳುತ್ತಾರೆ.

ಬೆಳಗ್ಗೆ ಪೇಪರ್ ಬಂದರೆ ಮನೆಯವರು ರಾಶಿಫಲ ಹುಡುಕುತ್ತಾರೆ, ಮಾಮ ‘ಇಂದು ವಿದ್ಯುತ್ ವ್ಯತ್ಯಯ’ ಹುಡುಕುತ್ತಾರೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ತುರ್ತು ನಿರ್ವಹಣಾ ಕಾಮಗಾರಿ, ಗ್ರಾಹಕರು ಸಹಕರಿಸಬೇಕಾಗಿ ಕೋರಿಕೆ. ಪಟ್ಟಿಯಲ್ಲಿ ತಮ್ಮ ಬಡಾವಣೆಯ ಹೆಸರಿದ್ದರೆ ಅವತ್ತು ಸ್ನಾನ, ಪೂಜೆ ಎಲ್ಲ ಬೇಗ. ಇಲ್ಲದಿದ್ದರೆ “ಈ ಬೆಸ್ಕಾಂನೋರು ನಮ್ಮ ಫೀಡರ್ ಕಡೆ ತಿರುಗಿಯೂ ನೋಡಲ್ಲ” ಎಂದು ಗೊಣಗುತ್ತಾ ಪೇಪರ್ ಮಡಚುತ್ತಾರೆ. 1912ಕ್ಕೆ ಫೋನ್ ಮಾಡಿ ಕರೆಂಟ್ ಯಾವಾಗ ಬರುತ್ತೆ ಎಂದು ಕೇಳುವವರು ಸಾವಿರ ಜನ. “ಹೋಗೋದು ಗ್ಯಾರಂಟಿ ತಾನೆ?” ಎಂದು ಕೇಳುವವರು ಇವರೊಬ್ಬರೇ.

ಆಷಾಢ ಬಂತೆಂದರೆ ಮಾಮನಿಗೆ ಸುಗ್ಗಿ. ನಮ್ಮ ಕಡೆಯ ಗಾಳಿಯ ಗುಣ ನಿಮಗೆ ಗೊತ್ತಲ್ಲ. ಜೋಗಿಮಟ್ಟಿಯ ಸಾಲಿನಲ್ಲಿ ಫ್ಯಾನು ತಿರುಗಿಸಿ ಕರೆಂಟ್ ಹುಟ್ಟಿಸುವುದೂ ಅದೇ, ಕೆಳಗೆ ಬೀದಿಯಲ್ಲಿ ಲೈನಿನ ಮೇಲೆ ಕೊಂಬೆ ಬೀಳಿಸಿ ಕರೆಂಟ್ ತೆಗೆಯುವುದೂ ಅದೇ. ಕರೆಂಟ್ ಹೋದ ಕೂಡಲೇ ಮಾಮ ಎದ್ದು, ಪಂಚೆ ಎತ್ತಿ ಕಟ್ಟಿ, ಡಿಕ್ಕಿಯಿಂದ ಚೀಲ ತೆಗೆಯುತ್ತಾರೆ. ಅದರೊಳಗೆ ಅಡಾಪ್ಟರು. ಕಾರಿಗೆ ಚಾರ್ಜಿಂಗ್ ಗನ್ ಚುಚ್ಚುವ ತೂತಿಗೇ ಅದನ್ನು ಚುಚ್ಚಬೇಕು. ಇನ್ನೊಂದು ತುದಿಯಲ್ಲಿ ಮನೆಯ ಗೋಡೆಯಲ್ಲಿರುವಂಥದೇ ಪ್ಲಗ್ ಪಾಯಿಂಟು. ಅಲ್ಲಿಂದ ಕೆಂಪು ವೈರು ಕಾಂಪೌಂಡಿನ ದಾಸವಾಳದ ಗಿಡ ಬಳಸಿ, ಕಿಟಕಿಯ ಸರಳು ತೂರಿ, ಹಾಲಿನಲ್ಲಿರುವ ಜಂಕ್ಷನ್ ಬಾಕ್ಸಿಗೆ ಬರುತ್ತದೆ. ಸ್ಕ್ರೀನಿನಲ್ಲಿ ಏನೇನೋ ಒತ್ತಿ, ಕನ್ನಡಕ ಹಾಕಿಕೊಂಡು ಮತ್ತೆ ಒತ್ತಿ, “ಏ, ಫ್ರಿಡ್ಜಿನ ಪಿನ್ ಇದಕ್ಕೆ ಹಾಕು” ಎಂದು ಕೂಗುವ ಹೊತ್ತಿಗೆ ಒಳಗಿನಿಂದ ಹೆಂಡತಿಯ ದನಿ:

“ರೀ, ಬಂತು ಕರೆಂಟು.”

ಆಗ ಮಾಮನ ಮುಖ ನೋಡಬಾರದು.

ಲೆಕ್ಕದಲ್ಲಿ ಮಾತ್ರ ಮಾಮನನ್ನು ಸೋಲಿಸಲಾಗದು, ಅದನ್ನು ಒಪ್ಪಲೇಬೇಕು. ಮನೆಯ ಯುಪಿಎಸ್‌ನ 150 ಆಂಪಿಯರ್ ಅವರ್, 12 ವೋಲ್ಟಿನ ಬ್ಯಾಟರಿ ಅಂದರೆ ಹೆಚ್ಚೆಂದರೆ 1.8 ಯೂನಿಟ್. 2023ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯ ದೊಡ್ಡ ಬ್ಯಾಟರಿ 40.5 ಯೂನಿಟ್. ಇಪ್ಪತ್ತೆರಡು ಯುಪಿಎಸ್ ಬ್ಯಾಟರಿ ಗಾಲಿ ಕಟ್ಟಿಕೊಂಡು ಓಡಾಡಿದಂತೆ! ಒಂದು ಫ್ರಿಡ್ಜು, ಮೂರು ಫ್ಯಾನು, ಲೈಟುಗಳು, ಟೀವಿ ಎಲ್ಲ ಸೇರಿ ದಿನಕ್ಕೆ ಐದು ಯೂನಿಟ್ ಹಿಡಿದರೂ, ಓಡಾಟಕ್ಕೆಂದು ಕಾಲು ಭಾಗ ಉಳಿಸಿಕೊಂಡು ಆರು ದಿನ ಮನೆ ನಡೆಯುತ್ತದೆ. ಆದರೆ ಹೊರಗೆ ಕೊಡುವ ಶಕ್ತಿಗೆ 3.3 ಕೆವಿಎ ಮಿತಿ. ಆದ್ದರಿಂದ ಗೀಸರ್ ಹಾಕಿದವರು ಇಸ್ತ್ರಿಪೆಟ್ಟಿಗೆ ಮುಟ್ಟುವಂತಿಲ್ಲ ಎಂದು ಮನೆಯಲ್ಲಿ ಕಟ್ಟಪ್ಪಣೆ. ಎಲ್ಲ ಇವಿಗೂ ಈ ವಿದ್ಯೆ ಬರುವುದಿಲ್ಲ ಎಂಬುದನ್ನು ಪಕ್ಕದ ಮನೆಯ ಬೇರೆ ಕಾರಿನವರಿಗೆ ದಿನಕ್ಕೊಮ್ಮೆ ನೆನಪಿಸುತ್ತಾರೆ.

ಲೆಕ್ಕ ಮುಗಿದ ಮೇಲೆ ಜಪಾನ್. 2011ರಲ್ಲಿ ಅಲ್ಲಿ ಭೂಕಂಪ, ಸುನಾಮಿ ಬಂದು ಊರೂರೇ ಕತ್ತಲಾಯಿತು; ಮರುವರ್ಷವೇ ನಿಸಾನ್ ಕಂಪನಿ ತನ್ನ ಲೀಫ್ ಕಾರಿನಿಂದ ಮನೆಗೆ ಕರೆಂಟ್ ಕೊಡುವ ಯಂತ್ರ ಮಾರಾಟಕ್ಕೆ ತಂದಿತು. ಮಾಮ ಇದನ್ನು ಹೇಳುವಾಗ ಕೇಳುವವರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಏಳುಸುತ್ತಿನ ಕೋಟೆಯ ಬಂಡೆಗಳ ಕಡೆ ನೋಡುತ್ತಾರೆ. ಆ ಬಂಡೆ ಅಲುಗಿದರೆ ಆಮೇಲೆ ಫ್ರಿಡ್ಜಿನ ಚಿಂತೆ ಯಾರಿಗೆ?

ಮಾಮನ ಪ್ರತಾಪದ ಸುದ್ದಿ ಹೊಸದುರ್ಗ ತಾಲ್ಲೂಕಿನ ತೋಟಕ್ಕೂ ಮುಟ್ಟಿತು. ಹೆಂಡತಿಯ ತಮ್ಮ ಬೆಳಗ್ಗೆ ಬಸ್ಸಿಗೇ ಬಂದಿಳಿದ.

“ಭಾವ, ಈ ಕಾರು ತ್ವಾಟಕ್ಕೆ ತಗಂಬರ್ರಿ. ಮೋಟ್ರು ಓಡ್ಸನ. ತ್ರೀ ಫೇಸು ಹಗಲು ಕೊಡ್ತೀವಿ ಅಂತಾರೆ, ರಾತ್ರಿ ಎರಡು ಗಂಟಿಗೆ ಕೊಡ್ತಾರೆ. ಹಾವು ತುಳ್ಕಂಡು ಹೋಗ್ಬೇಕು.”

“ಎಷ್ಟು ಎಚ್‌ಪಿ?”

“ಏಳೂವರೆ.”

ಮಾಮ ಪೆನ್ನು ತೆಗೆದರು. ಏಳೂವರೆ ಎಚ್‌ಪಿ ಅಂದರೆ 5.6 ಕಿಲೋವ್ಯಾಟ್. ಕಾರು ಕೊಡುವುದು 3.3, ಅದೂ ಸಿಂಗಲ್ ಫೇಸು. ಮೋಟ್ರು ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ನಾಲ್ಕಾರು ಪಟ್ಟು ಎಳೆಯುತ್ತದೆ ಬೇರೆ. ಪೇಪರಿನ ಅಂಚಿನಲ್ಲಿ ಚಿತ್ರ ಬರೆದು, ಮೂರು ಗೆರೆ ಎಳೆದು, ಅರ್ಧ ಗಂಟೆ ವಿವರಿಸಿದರು. ಭಾಮೈದ ತಾಳ್ಮೆಯಿಂದ ಕೇಳಿ, ಕಾಫಿ ಲೋಟ ಕೆಳಗಿಟ್ಟು ಹೇಳಿದ:

“ಅಂಗಾರೆ ಹದಿನೈದು ಲಕ್ಷ ಕೊಟ್ಟು ಮಿಕ್ಸಿ ಓಡ್ಸಕೆ ತಗಂಡ್ರಾ ಭಾವ?”

ಒಳಗೆ ಅಕ್ಕ ನಕ್ಕಿದ್ದು ಹೊರಗೂ ಕೇಳಿಸಿತು.

ಎಂಬತ್ತು ದಾಟಿದ ತಾಯಿಯ ತಕರಾರು ಇನ್ನೊಂದು. ಗೃಹಜ್ಯೋತಿ ಬಂದು 2023ರ ಆಗಸ್ಟ್‌ನಿಂದ ಮನೆಗೆ ಸೊನ್ನೆ ಬಿಲ್ ಬರುತ್ತಿತ್ತು. ಯೋಜನೆ ಶುರುವಾದಾಗಿನ ನಿಯಮದಂತೆ ಅದರ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಪುಕ್ಕಟೆ. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಕಾರು ಒಂದು ಸಲ ಹೊಟ್ಟೆ ತುಂಬ ಕುಡಿದರೆ ನಲವತ್ತು ಯೂನಿಟ್ಟಿಗೂ ಮಿಕ್ಕಿ ಬೇಕು. “ಕರೆಂಟ್ ಹೋದಾಗ ಉಳಿಸ್ತೀನಿ ಅಂತ ಕರೆಂಟ್ ಇದ್ದಾಗೆಲ್ಲ ಇದಕ್ಕೇ ಕುಡಿಸ್ತೀಯಲ್ಲೋ” ಎಂಬ ಅಜ್ಜಿಯ ಪ್ರಶ್ನೆಗೆ ಮಾಮ ಇದುವರೆಗೆ ಚಿತ್ರ ಬರೆದು ಉತ್ತರಿಸಿಲ್ಲ.

ಒಂದು ದಿನ ಮಾತ್ರ ನಗುವ ಪ್ರಸಂಗವಾಗಿರಲಿಲ್ಲ. ಕಿಟಕಿಯಲ್ಲಿ ವೈರು ಎಳೆದು ಸಾಕಾಗಿದ್ದ ಮಾಮ, ಎರಡೂ ತುದಿಗೆ ಪಿನ್ ಇರುವ ವೈರೊಂದನ್ನು ತಾವೇ ಕಟ್ಟಿದ್ದರು. ಒಂದು ಪಿನ್ ಕಾರಿನ ಅಡಾಪ್ಟರಿಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ ಹಾಕಿದರೆ ಮನೆಯ ವೈರಿಂಗಿಗೆಲ್ಲ ಒಂದೇ ಏಟಿಗೆ ಕರೆಂಟ್. ಚುಚ್ಚಬೇಕು ಎನ್ನುವಾಗ ಎದುರಿನ ಕಂಬದ ಬುಡದಲ್ಲಿ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದ ಲೈನ್‌ಮ್ಯಾನ್ ಕಣ್ಣಿಗೆ ಅದು ಬಿತ್ತು.

“ಸಾರ್, ಮೇನ್ ಆಫ್ ಮಾಡಿದೀರಾ?”

ಮಾಡಿರಲಿಲ್ಲ. ಮೇನ್ ಆಫ್ ಮಾಡದೆ ಚುಚ್ಚಿದರೆ ಕಾರಿನ ಕರೆಂಟ್ ಮೀಟರ್ ದಾಟಿ ಬೀದಿಯ ಲೈನಿಗೆ ಹೋಗುತ್ತದೆ, ಅಲ್ಲಿಂದ ಟಿಸಿಗೆ. ಹನ್ನೊಂದು ಸಾವಿರ ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಟಿಸಿ, ಹಿಂದಿನಿಂದ ಬಂದದ್ದನ್ನು ಏರಿಸಿ ಅತ್ತ ಕಳಿಸುತ್ತದೆ. ಬೀದಿಯ ಮನೆಗಳ ಲೋಡಿಗೆ ಕಾರೇ ಟ್ರಿಪ್ ಆಗಬಹುದು, ಆಗದೆಯೂ ಇರಬಹುದು. ಆ ‘ಬಹುದು’ ನಂಬಿಕೊಂಡು ಮೇಲೆ ಒಬ್ಬ ಮನುಷ್ಯ ಬರಿಗೈಯಲ್ಲಿ ತಂತಿ ಹಿಡಿದಿರುತ್ತಾನೆ. ಇಷ್ಟನ್ನು ಲೈನ್‌ಮ್ಯಾನ್ ಎರಡೇ ವಾಕ್ಯದಲ್ಲಿ ಹೇಳಿದ. ಮಾಮ ಎದುರಾಡದೆ ಆ ವೈರನ್ನು ಕತ್ತರಿಸಿ ಹಾಕಿದರು. ಮರುವಾರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಚೇಂಜ್‌ಓವರ್ ಸ್ವಿಚ್ ಕೂರಿಸಿದ. ಅದರ ಹಿಡಿಕೆ ಮೇಲಿದ್ದರೆ ಬೆಸ್ಕಾಂ, ಕೆಳಗಿದ್ದರೆ ಕಾರು. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ಮಾಮನ ಮನೆಯಲ್ಲಿ ಈಗ ಅತಿಥಿಗಳಿಗೆ ದೇವರ ಮನೆಗಿಂತ ಮೊದಲು ತೋರಿಸುವುದು ಈ ಹಿಡಿಕೆಯನ್ನು.

ಇಷ್ಟೆಲ್ಲ ಮಾಡಿಕೊಂಡ ಕಾರು ಓಡಬೇಕಲ್ಲ, ಅದೇ ಇಲ್ಲ. ಕೊಟ್ಟಿಗೆಯ ಎಮ್ಮೆಯಂತೆ ಶೆಡ್ಡಿನಲ್ಲೇ ಕಟ್ಟಿರುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಬಿತ್ತು, ಆಗ ಕಾರಿರಲಿಲ್ಲ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಆ ಅಣೆಕಟ್ಟಿರುವ ಮಾರಿಕಣಿವೆಗೆ ಹೊರಟಿತು. ಮಾಮನ ಮನೆಯವರೂ ಬುತ್ತಿ ಕಟ್ಟಿದರು. ಅಷ್ಟರಲ್ಲಿ ಮಾಮ ಪೇಪರ್ ನೋಡಿಬಿಟ್ಟಿದ್ದರು. “ಇವತ್ತು ಹತ್ತರಿಂದ ಐದರ ತನಕ ಕರೆಂಟ್ ಇಲ್ಲ. ಕಾರು ಹೊರಗೆ ಹೋದರೆ ಮನೆಗೆ ಯಾರು ಕೊಡ್ತಾರೆ?” ಮನೆಯಲ್ಲಿ ಯಾರೂ ಇರದಿದ್ದರೆ ಕರೆಂಟ್ ಯಾರಿಗೆ ಎಂದು ಸೊಸೆ ಕೇಳಿದಳು. “ಫ್ರಿಡ್ಜಿಗೆ” ಎಂದರು. ಉಳಿದವರು ಬಸ್ಸಿನಲ್ಲಿ ಹೋಗಿ ಕೋಡಿ ನೋಡಿ, ನೆನೆದು, ಮೀನು ತಿಂದು ಬಂದರು. ಅವತ್ತು ಕರೆಂಟ್ ಹೋಗಲೇ ಇಲ್ಲವಂತೆ. ಕಾಮಗಾರಿ ಮುಂದಕ್ಕೆ ಹೋಗಿತ್ತು.

ನಿಮ್ಮ ಬೀದಿಯಲ್ಲೂ ಇಂಥ ಮಾಮ ಇದ್ದರೆ ಜಗಳ ಮಾಡಿಕೊಳ್ಳಬೇಡಿ. ಮಳೆಗಾಲದ ರಾತ್ರಿ ಫೋನು ಸತ್ತಾಗ, ಮಗುವಿಗೆ ನೆಬ್ಯುಲೈಸರ್ ಹಾಕಬೇಕಾದಾಗ, ಬಾಗಿಲು ತಟ್ಟಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಇಲ್ಲ ಎನ್ನುವ ಜಾಯಮಾನವೇ ಅವರದಲ್ಲ. ಚಾರ್ಜರ್ ಮರೆಯದೆ ಒಯ್ಯಿರಿ. ಜಪಾನಿನ ಕಥೆಗೆಂದು ಅರ್ಧ ಗಂಟೆ ಜಾಸ್ತಿ ಇಟ್ಟುಕೊಂಡು ಹೋಗಿ.