ಲವಣಮೀಮಾಂಸೆ: ಪಿಯುಸಿ ಲ್ಯಾಬಿನಲ್ಲಿ ಆರು ಪ್ರಮಾಣಗಳ ವಿಚಾರ

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಾಕ್ಟಿಕಲ್ಲಿನಲ್ಲಿ ಅಭ್ಯರ್ಥಿಗೆ ಚಿಟಿಕೆ ಪುಡಿ ಕೊಟ್ಟು, ಇದರೊಳಗಿನ ಧನ ಅಯಾನು ಯಾವುದು, ಋಣ ಅಯಾನು ಯಾವುದು ಎಂದು ಕೇಳುವ ಸಂಪ್ರದಾಯವುಂಟು. ಆ ಜ್ಞಾನ ಯಾವ ಪ್ರಮಾಣದಿಂದ ಹುಟ್ಟುತ್ತದೆಂಬುದೇ ಇಲ್ಲಿಯ ಜಿಜ್ಞಾಸೆ. ಭಾಟ್ಟ ಮೀಮಾಂಸಕರು ಪ್ರಮಾಣ ಆರೆಂದರು; ಲ್ಯಾಬಿಗೆ ಅಷ್ಟೂ ಬೇಕು.

ಪ್ರತ್ಯಕ್ಷದಲ್ಲಿ ತಕರಾರಿಲ್ಲ. ಹರಳು ನೀಲಿಯಿದ್ದರೆ ತಾಮ್ರವೆನ್ನಬಹುದು. ಆದರೆ ಆ ಭಾಗ್ಯ ಯಾವಾಗಲೂ ಪಕ್ಕದ ಬ್ಯಾಚಿನವರದು. ನಮಗೆ ಬರುವುದು ಬಿಳಿ.

ಅನುಮಾನ ತುಸು ತೊಡಕು. ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದಾಗ ದಟ್ಟ ಬಿಳಿ ಹೊಗೆ ಎದ್ದರೆ ಅಮೋನಿಯಂ. ಹೊಗೆಯಿದ್ದಲ್ಲಿ ಬೆಂಕಿಯೆಂಬ ನೈಯಾಯಿಕರ ಮಾತು ಇಲ್ಲಿ ನಿಲ್ಲದು. ಕೆಳಗೆ ಬರ್ನರ್ ಇದೆಯಲ್ಲ ಎಂದು ಪೂರ್ವಪಕ್ಷ. ಹೊಗೆ ಅದರದಲ್ಲ, ಎರಡು ಅನಿಲ ಕೂಡಿ ಹುಟ್ಟಿದ ಅಮೋನಿಯಂ ಕ್ಲೋರೈಡಿನ ಕಣಗಳದು ಎಂದು ಸಿದ್ಧಾಂತ.

ಹೊಗೆ ಬಾರದಿದ್ದರೆ ಅನುಪಲಬ್ಧಿಯ ದಾರಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಿಳಿ ಗಸಿ ಇಲ್ಲ, ಆದ್ದರಿಂದ ಸೀಸವಿಲ್ಲ. 1844ರಲ್ಲಿ ಡೆಲ್ಫ್ಟ್ ನಗರದ ಪೆಟ್ರಸ್ ಕಿಪ್ ರೂಪಿಸಿದ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೂ ಏನಿಲ್ಲ, ಕಾರಿಡಾರಿನವರೆಗೆ ದುರ್ನಾತವೊಂದನ್ನು ಬಿಟ್ಟು. ಹೀಗೆ ಇಲ್ಲ, ಇಲ್ಲ ಎನ್ನುತ್ತ ಮೂರನೆಯ ಗ್ರೂಪಿಗೆ ಬಂದರೆ, ಅಮೋನಿಯಂ ಹೈಡ್ರಾಕ್ಸೈಡಿಗೆ ಲೋಳೆಲೋಳೆ ಬಿಳಿ ಗಸಿ: ಅಲ್ಯುಮಿನಿಯಂ!

ಅಷ್ಟು ದೂರ ನಡೆಯುವವರು ವಿರಳ. ಉಳಿದವರಿಗೆ ಶಬ್ದಪ್ರಮಾಣವೇ ಗತಿ. ಯಥಾರ್ಥವನ್ನು ಬಲ್ಲವನು, ಸುಳ್ಳಾಡುವ ಕಾರಣವಿಲ್ಲದವನು ಆಪ್ತ. ಈ ಲಕ್ಷಣ ಅಟೆಂಡರಿಗೆ ಅಕ್ಷರಶಃ ಒಪ್ಪುತ್ತದೆ. ಬೆಳಿಗ್ಗೆ ಪೊಟ್ಟಣ ಕಟ್ಟಿದ್ದೇ ಅವರು. "ಮೂರನೇ ಗ್ರೂಪ್ ಸರಿಯಾಗಿ ನೋಡಪ್ಪ" ಎಂದು ಕಿಟಕಿಯತ್ತ ಮುಖ ಮಾಡಿ ನುಡಿದ ವಾಕ್ಯ ವೇದದಂತೆ ಅಪೌರುಷೇಯ. ಯಾರು ಹೇಳಿದರೆಂದು ವಿಚಾರಿಸಿದರೆ, ಯಾರೂ ಹೇಳಿಲ್ಲ.

ಉಪಮಾನವೆಂದರೆ ಪಕ್ಕದವನ ಟೆಸ್ಟ್ ಟ್ಯೂಬ್. ವಿಸ್ತರಿಸುವ ಅಗತ್ಯವಿಲ್ಲ.

ಅರ್ಥಾಪತ್ತಿ ಮಾತ್ರ ಎಕ್ಸ್‌ಟರ್ನಲ್ ಅವರ ಸೊತ್ತು. ಹಗಲುಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಲೇಬೇಕು. ಉತ್ತರ ಸರಿಯಿದ್ದೂ ಟೆಸ್ಟ್ ಟ್ಯೂಬ್ ಒದ್ದೆಯಾಗಿಲ್ಲವೆಂದರೆ ಜ್ಞಾನ ಬೇರೆಲ್ಲಿಂದಲೋ ಬಂದಿರಲೇಬೇಕು.

"ನೈಟ್ರೇಟ್ ಅಂತ ಬರೆದಿದ್ದೀಯ. ಬ್ರೌನ್ ರಿಂಗ್ ಎಲ್ಲಪ್ಪ?"

"ಅಲುಗಾಡಿಬಿಡ್ತು ಸಾರ್, ಹೋಯ್ತು. ಆಮೇಲೆ ಟ್ಯೂಬ್ ತೊಳೆದು ಒರೆಸಿಟ್ಟೆ."

ಹೊಸದಾಗಿ ಕಲಸಿದ ಫೆರಸ್ ಸಲ್ಫೇಟಿನ ಮೇಲೆ ಸಲ್ಫ್ಯೂರಿಕ್ ಆಮ್ಲವನ್ನು ಗೋಡೆಗುಂಟ ಇಳಿಸಿದಾಗ ಮೂಡುವ ಆ ಉಂಗುರ ಅಲುಗಾಡಿಸಿದರೆ ನಿಜಕ್ಕೂ ಮಾಯವಾಗುತ್ತದೆ. ಪರೀಕ್ಷಕರಿಗೂ ಅದು ಗೊತ್ತು. ಅಂಕ ಕೊಡದೆ ವಿಧಿಯಿಲ್ಲ.