ಜೇಬಕ್ಕ

ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ, ಅಲ್ಲೊಬ್ಬ ಜೇಬಕ್ಕ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಮಿಕ್ಕ ಹೆಂಗಸರು ಬಟ್ಟೆ ಅಂಗಡಿಯಲ್ಲಿ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಕುತ್ತಿಗೆಯ ಡಿಸೈನು, ಕೊನೆಗೆ ಯಾರಿಗೂ ಕಾಣದ ಹಾಗೆ ಬೆಲೆಚೀಟಿ. ಜೇಬಕ್ಕ ಇದ್ಯಾವುದನ್ನೂ ನೋಡುವುದಿಲ್ಲ. ಹ್ಯಾಂಗರಿನಲ್ಲಿ ತೂಗುವ ಕುರ್ತಾದ ಪಕ್ಕದ ಹೊಲಿಗೆಗೆ ನೇರ ಕೈ ತೂರಿಸುತ್ತಾರೆ. ಕೈ ಒಳಗೆ ಹೋಗಲಿಲ್ಲವೋ, ಎಂಥ ಬಟ್ಟೆಯಾದರೂ ಮುಂದಕ್ಕೆ. ಹೋಯಿತೋ, ಎಷ್ಟು ಹೋಯಿತೆಂಬ ತನಿಖೆ. ಮಣಿಕಟ್ಟಿನವರೆಗೆ ಹೋದರೆ ಪಾಸು. ಬೆರಳಿನ ಗೆಣ್ಣಿಗೇ ನಿಂತರೆ ಅಂಗಡಿಯ ಹುಡುಗಿಯನ್ನು ಕರೆದು ಕೇಳುತ್ತಾರೆ: "ಇದರಲ್ಲಿ ಏನಮ್ಮ ಇಟ್ಕೊಳ್ಳೋದು, ಏಲಕ್ಕಿನಾ?"

ಪುಟ್ಟ ಜೇಬನ್ನಾದರೂ ಕ್ಷಮಿಸಿಯಾರು, ಸುಳ್ಳು ಜೇಬನ್ನು ಮಾತ್ರ ಅವರು ಕ್ಷಮಿಸುವುದಿಲ್ಲ. ಹೆಂಗಸರ ಪ್ಯಾಂಟುಗಳಲ್ಲಿ ನೀವೂ ನೋಡಿರುತ್ತೀರಿ. ಮೇಲೆ ಪಟ್ಟಿ ಇದೆ, ಗುಂಡಿಯೂ ಇದೆ, ಒಳಗೆ ಚೀಲವಿಲ್ಲ. ಜೇಬಕ್ಕ ಅಂಥದೊಂದನ್ನು ಅಂಗಡಿಯಲ್ಲೇ ಉಗುರಿನಿಂದ ಮೀಟಿ ನೋಡಿ, ಮ್ಯಾನೇಜರಿಗೆ ಕೇಳುವ ಹಾಗೆ ಹೇಳಿದ್ದರು: "ಹೊರಗೆ ಬೋರ್ಡು, ಒಳಗೆ ಸೈಟೇ ಇಲ್ಲ. ಲೇಔಟ್ ಮಾಡೋರ ಹತ್ರ ಕಲಿತು ಬಂದಿದ್ದಾರೆ."

ಅಂಕಿಅಂಶವೂ ಅವರ ನಾಲಗೆಯ ತುದಿಯಲ್ಲೇ ಇದೆ. ಅಮೆರಿಕದಲ್ಲಿ ಪುಡ್ಡಿಂಗ್ ಎಂಬ ರುಚಿಕರ ಹೆಸರಿನ ಪತ್ರಿಕೆಯವರು 2018ರಲ್ಲಿ 20 ಕಂಪನಿಗಳ ಜೀನ್ಸ್ ಜೇಬು ಅಳೆದರು. ಹೆಂಗಸರ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡ, ಶೇ. 6.5ರಷ್ಟು ಕಿರಿದು ಎಂದು ಗೊತ್ತಾಯಿತು. ಜೇಬಕ್ಕನಿಗೆ ಈ ಸುದ್ದಿಯಿಂದ ದುಃಖವಾಗಬೇಕಿತ್ತು, ಆದರೆ ಆದದ್ದು ಖುಷಿ. "ಅಲ್ಲೂ ಇದೇ ಹಣೆಬರಹ" ಎಂದು ಕಂಡವರಿಗೆಲ್ಲ ಹೇಳಿ, ಮನೆಗೆ ಬಂದು ಯಜಮಾನರ ಬಟ್ಟೆ ಎಣಿಸಿದರು. ಅಂಗಿಗೆ ಒಂದು, ಪ್ಯಾಂಟಿಗೆ ನಾಲ್ಕು, ಜೀನ್ಸಾದರೆ ಬಲಜೇಬಿನ ಒಳಗೆ ಇನ್ನೊಂದು ಮರಿಜೇಬು. ಆ ಮರಿಜೇಬು ಹಿಂದಿನ ಕಾಲದಲ್ಲಿ ಸರಪಳಿ ಗಡಿಯಾರಕ್ಕೆಂದು ಇಟ್ಟದ್ದು. ಗಡಿಯಾರ ಮಣಿಕಟ್ಟಿಗೇರಿ ಎಷ್ಟು ಕಾಲವಾಯಿತು, ಗಂಡಸರ ಜೇಬು ಮಾತ್ರ ಅಲ್ಲೇ ಇದೆ. ಹೆಂಗಸರ ಕೈಗೆ ಆರೂವರೆ ಇಂಚಿನ ಫೋನು ಬಂದು ಇಷ್ಟು ವರ್ಷವಾದರೂ ಅದಕ್ಕೊಂದು ಜೇಬು ಹುಟ್ಟಲಿಲ್ಲ.

ಅವರ ವಾದದಲ್ಲಿ ಹುರುಳಿದೆ ಎಂದು ನಾನೂ ಒಪ್ಪುತ್ತೇನೆ. ನಮ್ಮ ಅಜ್ಜಿಯರಿಗೆ ಈ ತಾಪತ್ರಯ ಇರಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿದರೆ ಅದೇ ಬ್ಯಾಂಕು. ಐಸ್‌ಕ್ಯಾಂಡಿಯವನು ಬೆಲ್ ಬಾರಿಸಿದರೆ ಆ ಗಂಟು ಬಿಚ್ಚಿ ಎಂಟಾಣೆ ಹೊರಬರುತ್ತಿತ್ತು. ಉತ್ತರ ಕರ್ನಾಟಕದ ಅಜ್ಜಿಯರ ಸೊಂಟದಲ್ಲಂತೂ ಎಲೆ, ಅಡಿಕೆ, ಸುಣ್ಣಕ್ಕೆಲ್ಲ ಬೇರೆಬೇರೆ ಮನೆಗಳಿರುವ ಚಂಚಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹೆಂಗಸರೂ ಲಂಗದ ಕೆಳಗೆ ಸೊಂಟಕ್ಕೆ ಇಂಥದೇ ಚೀಲ ಕಟ್ಟಿಕೊಂಡು, ಲಂಗದ ಪಕ್ಕದ ಸೀಳಿನಿಂದ ಕೈ ಹಾಕುತ್ತಿದ್ದರು. ಉಡುಪು ತೆಳ್ಳಗಾದಾಗ ಚೀಲಕ್ಕೆ ಜಾಗವಿಲ್ಲದೆ ಕೈಗೆ ಪುಟ್ಟ ಬ್ಯಾಗು ಬಂತು. ನಮ್ಮಲ್ಲಿ ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಾಗ ಖಜಾನೆ ಕೈತಪ್ಪಿತು. ದುಪಟ್ಟಾದ ತುದಿಗೆ ಗಂಟು ಹಾಕಿ ಆಫೀಸಿಗೆ ಹೋಗಲಾಗುತ್ತದೆಯೇ?

ಸಂಚಿ ಹೊನ್ನಮ್ಮನನ್ನೂ ಜೇಬಕ್ಕ ಈ ವಿಷಯಕ್ಕೆ ಎಳೆದು ತರುತ್ತಾರೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ' ಬರೆದ ಕವಯಿತ್ರಿ. "ನೋಡಿ, ಅಷ್ಟು ದೊಡ್ಡ ಕವಿ. ಹೊತ್ತದ್ದು ಮಾತ್ರ ಬೇರೆಯವರ ಚೀಲ" ಎಂದು ಜೇಬಕ್ಕ ನಿಟ್ಟುಸಿರು ಬಿಟ್ಟಾಗ ಕೇಳಿದವರಿಗೆ ಏನು ಹೇಳಬೇಕೋ ತೋಚುವುದಿಲ್ಲ.

ಆದರೆ ಜೇಬಕ್ಕನ ನಿಜವಾದ ಕುರುಕ್ಷೇತ್ರ ಟೈಲರ್ ಅಂಗಡಿ. 'ಲೇಡೀಸ್ ಸ್ಪೆಷಲಿಸ್ಟ್, ಫಾಲ್, ಪಿಕೋ ಮಾಡಲಾಗುವುದು' ಎಂಬ ಬೋರ್ಡಿನ ಕೆಳಗೆ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮಾಸ್ಟರು.

"ಮೇಡಂ, ಲೇಡೀಸ್ ಐಟಂಗೆ ಜೇಬು ಬರಲ್ಲ."

"ಬರಲ್ಲ ಅಂದ್ರೆ? ಅದೇನು ಬಸ್ಸಾ ಮಾಸ್ಟ್ರೇ? ನೀವು ಇಟ್ರೆ ಬರುತ್ತೆ."

"ಬಟ್ಟೆ ಸಾಲಲ್ಲ ಮೇಡಂ."

ಜೇಬಕ್ಕ ಬ್ಯಾಗಿನಿಂದ ಕಾಲು ಮೀಟರ್ ಪಾಪ್ಲಿನ್ ತೆಗೆದು ಟೇಬಲ್ಲಿನ ಮೇಲಿಡುತ್ತಾರೆ. ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ತಂದದ್ದು. "ಉಳಿದ ತುಂಡು ನನಗೇ ವಾಪಸ್ ಕೊಡಿ."

ಮಾಸ್ಟರು ಕೊನೆಯ ಅಸ್ತ್ರ ತೆಗೆದರು. "ಫಿಟ್ಟಿಂಗ್ ಹೋಗುತ್ತೆ. ಸೈಡಲ್ಲಿ ದಪ್ಪ ಕಾಣ್ತೀರಿ."

"ನಾನು ದಪ್ಪ ಇರೋದು ಹೋಳಿಗೆಯಿಂದ ಮಾಸ್ಟ್ರೇ. ಆ ಪಾಪ ಜೇಬಿಗೆ ಯಾಕೆ ಹಾಕ್ತೀರಿ?"

ಸೋತ ಮಾಸ್ಟರು ಜೇಬು ಇಟ್ಟರು, ಸೋತವರು ಇಡುವ ಹಾಗೆ. ಮೊದಲನೆಯ ಕುರ್ತಾದಲ್ಲಿ ಜೇಬು ಮೊಣಕಾಲಿಗೆ ಹತ್ತಿರವಿತ್ತು. ಫೋನು ರಿಂಗಾದರೆ ನಡುರಸ್ತೆಯಲ್ಲಿ ಅರ್ಧ ಸಾಷ್ಟಾಂಗ ಹಾಕಬೇಕಿತ್ತು. ಮುಂದಿನದರಲ್ಲಿ ಪಕ್ಕದ ಓಪನ್ ಎಲ್ಲಿ ಶುರುವಾಗುತ್ತದೆಂದು ನೋಡದೆ ಇಟ್ಟು, ಜೇಬಿನ ಬಿಳೀ ಪಾಪ್ಲಿನ್ ಗಾಳಿ ಬಂದಾಗಲೆಲ್ಲ ಹೊರಗೆ ಇಣುಕುತ್ತಿತ್ತು. ಆಮೇಲೆ ಬಂದದ್ದು ಜಾಗ ಸರಿ, ಆಳ ಸರಿ, ಆದರೆ ಫೋನು ಇಟ್ಟೊಡನೆ ಇಡೀ ಕುರ್ತಾ ಬಲಕ್ಕೆ ವಾಲಿ, ಜೇಬಕ್ಕ ಒಂದು ಭುಜ ಎತ್ತಿಕೊಂಡೇ ತರಕಾರಿ ತಂದರು.

ಗುಟ್ಟು ಬಿಡಿಸಿದ್ದು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ. ಫ್ಯಾಕ್ಟರಿಯ ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಅವಳ ಪಾಲಿಗೆ ಬಂದದ್ದು ಗಂಡಸರ ಪ್ಯಾಂಟಿಗೆ ಜೇಬು ಕೂಡಿಸುವುದು. ಬೆಳಗಿನಿಂದ ಸಂಜೆವರೆಗೆ ಪರದೇಶದ ಗಂಡಸರಿಗೆ ಜೇಬು ಕೂಡಿಸಿ, ತನ್ನ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಿದ್ದಳು. ಅವಳು ಕುರ್ತಾ ತಿರುವಿಹಾಕಿ ಒಂದೇ ನೋಟಕ್ಕೆ ಹೇಳಿದಳು: "ಆಂಟಿ, ಪ್ಯಾಂಟಲ್ಲಿ ಜೇಬಿನ ಭಾರ ಸೊಂಟದ ಪಟ್ಟಿ ಹಿಡ್ಕೊಳ್ಳುತ್ತೆ. ಇದಕ್ಕೆ ಸೊಂಟಾನೇ ಇಲ್ವಲ್ಲ, ಸೈಡ್ ಹೊಲಿಗೆ ಒಂದೇ ಎಷ್ಟು ಹೊರುತ್ತೆ? ಜೇಬಿನ ಮೇಲ್ತುದಿಯಿಂದ ಕಂಕುಳ ಹೊಲಿಗೆವರೆಗೆ ಒಳಗಡೆ ಟೇಪ್ ಕೊಡಬೇಕು. ಬಾಯಿ ಆರೂವರೆ ಇಂಚು. ಎರಡೂ ತುದಿಗೆ ಬಾರ್‌ಟ್ಯಾಕ್ ಹೊಡೀಬೇಕು, ಇಲ್ಲಾಂದ್ರೆ ಹರಿಯುತ್ತೆ. ಓಪನ್ ಜೇಬಿನ ಕೆಳಗಿಂದ ಶುರು ಆಗಲಿ." ಜೇಬಕ್ಕ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದರು. ಮಾಸ್ಟರು ಜೇಬಕ್ಕನ ವಾದಕ್ಕೆ ಬಗ್ಗಿದವರಲ್ಲ. ಬಾರ್‌ಟ್ಯಾಕ್ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತು ಸ್ಟೂಲ್ ಕೊಟ್ಟರು.

ಆಮೇಲಿನದು ದಿಗ್ವಿಜಯ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಜೇಬಕ್ಕನಿಗೆ ಸರ್ಕಾರವೇ ತಮ್ಮ ಪರ ನಿಂತಂತಾಯಿತು. ಟಿಕೆಟ್ಟಿಗೆ ಕಾಸಿಲ್ಲ ಸರಿ, ಗುರುತಿನ ಚೀಟಿ ತೋರಿಸಬೇಕಲ್ಲ. ತುಂಬಿದ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ಬ್ಯಾಗಿನೊಳಗೆ. ದೊಡ್ಡ ಜಿಪ್ಪು, ಅದರೊಳಗೆ ಸಣ್ಣ ಜಿಪ್ಪು, ಪರ್ಸು, ಪರ್ಸಿನೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಆಧಾರ್. ಕಂಡಕ್ಟರು ಮುಂದಿನ ಸ್ಟಾಪಿನವರೆಗೂ ಕಾಯುತ್ತಾರೆ. ಜೇಬಕ್ಕ ಮಾತ್ರ ಆತ "ಆಧಾರ್" ಎನ್ನುವ ಮುಂಚೆ ಕಾರ್ಡನ್ನು ಮೂಗಿನ ಮುಂದೆ ಹಿಡಿದಿರುತ್ತಾರೆ. "ಇಷ್ಟೆಲ್ಲ ಭಾಗ್ಯ ಕೊಟ್ಟರು, ಒಂದು ಜೇಬುಭಾಗ್ಯ ಕೊಡೋಕೆ ಏನಾಗಿತ್ತು?" ಎಂದು ಪಕ್ಕದ ಸೀಟಿನವರನ್ನು ಕೇಳುತ್ತಾರೆ.

ಇಷ್ಟಾದ ಮೇಲೆ ಬ್ಯಾಗು ಬಿಟ್ಟರೇ ಎಂದು ಕೇಳಬೇಡಿ. ಬ್ಯಾಗು ಹಾಗೇ ಇದೆ, ಅಷ್ಟೇ ಭಾರವಾಗಿ. ಜೇಬಿನಲ್ಲಿ ಫೋನು, ಬೀಗದಕೈ ಅಲ್ಲದೆ ಗೊಂಚಲು ಪಿನ್ನು, ದೇವಸ್ಥಾನದ ಕುಂಕುಮದ ಪೊಟ್ಟಣ, ಅರ್ಧ ಉಳಿದ ಮಾತ್ರೆಪಟ್ಟಿ, ಹಾಲಿನ ಪ್ಯಾಕೆಟ್ಟಿನಿಂದ ಬಿಚ್ಚಿದ ರಬ್ಬರ್ ಬ್ಯಾಂಡು ಸೇರಿಕೊಂಡವು. ಗಂಡನ ಜೇಬು ತಡಕಿ ಬಟ್ಟೆಯನ್ನು ಮಷೀನಿಗೆ ಹಾಕುವುದು ಅವರಿಗೆ ಎಷ್ಟೋ ವರ್ಷಗಳ ಅಭ್ಯಾಸ, ಆದರೆ ತಮ್ಮ ಜೇಬು ತಡಕುವ ಅಭ್ಯಾಸ ಎಲ್ಲಿಂದ ಬರಬೇಕು? ಒಂದು ಸೋಮವಾರ ಇನ್ನೂರರ ನೋಟು, ಕುಂಕುಮದ ಪೊಟ್ಟಣ, ಯಜಮಾನರ ಬಿಳೀ ಅಂಗಿ ಮೂರೂ ಒಟ್ಟಿಗೆ ತಿರುಗಿದವು. ಆ ಅಂಗಿಯನ್ನು ಯಜಮಾನರು ಈಗ ಮನೆಯೊಳಗೆ ಮಾತ್ರ ಹಾಕುತ್ತಾರೆ.

ಮಾಸ್ಟರು ಬೋರ್ಡಿಗೆ ಒಂದು ಸಾಲು ಸೇರಿಸಿದ್ದಾರೆ: 'ಚೂಡಿದಾರಕ್ಕೆ ಜೇಬು ಇಡಲಾಗುವುದು'. ಜೇಬಿಗೆ ಬೇರೆ ಚಾರ್ಜು. ತಾವೇ ಕಂಡುಹಿಡಿದದ್ದೆಂದು ಗಿರಾಕಿಗಳಿಗೆ ಹೇಳುತ್ತಾರೆ. ಸೀರೆಯ ಕೆಳಗಿನ ಲಂಗಕ್ಕೂ ಎಡಸೊಂಟದಲ್ಲಿ, ಸೆರಗಿನ ಮರೆಗೆ ಬರುವ ಹಾಗೆ ಚಪ್ಪಟೆ ಜೇಬೊಂದನ್ನು ಹೊಲಿಯುತ್ತಾರೆ. ಅದರ ಮೊದಲ ಗಿರಾಕಿ ಯಾರೆಂದು ಹೇಳಬೇಕಾಗಿಲ್ಲ.

ಮೊನ್ನೆ ನೆಂಟರ ಮದುವೆ. ಜೇಬಕ್ಕ ರೇಷ್ಮೆ ಸೀರೆಯಲ್ಲಿ, ಯಜಮಾನರು ಜರಿಯಂಚಿನ ಪಂಚೆ, ಶಲ್ಯದಲ್ಲಿ. ಐದಾರು ಜೇಬಿನ ಮನುಷ್ಯ ಆವತ್ತು ಪೂರ್ತಿ ನಿರ್ಜೇಬಿ. ಒಂದು ಕೈಯಲ್ಲಿ ಫೋನು ಮತ್ತು ಕಾರಿನ ಕೀ, ಇನ್ನೊಂದರಲ್ಲಿ ಕನ್ನಡಕದ ಡಬ್ಬಿ ಮತ್ತು ಮುಯ್ಯಿಯ ಕವರು. ಮುಹೂರ್ತಕ್ಕೆ ಅಕ್ಷತೆ ಹಾಕಲು ಕೈಯೇ ಖಾಲಿಯಿಲ್ಲ. ಊಟದ ಪಂಕ್ತಿಗೆ ಬಂದು ಹೆಂಡತಿಯ ಪಕ್ಕ ಕೂತು ದನಿ ತಗ್ಗಿಸಿ ಕೇಳಿದರು: "ಲೇ, ಇದನ್ನ ಸ್ವಲ್ಪ ಇಟ್ಕೊಳ್ಳೇ."

ಜೇಬಕ್ಕ ಕೋಸಂಬರಿಯಿಂದ ಕಣ್ಣೆತ್ತಲಿಲ್ಲ. "ಜಾಗ ಇಲ್ಲ ರೀ. ಶಲ್ಯದ ತುದಿಗೆ ಗಂಟು ಹಾಕ್ಕೊಳ್ಳಿ."

ಹಾಕಿಕೊಂಡರು, ಪಾಪ. ಬಗ್ಗಿದಾಗಲೆಲ್ಲ ಗಂಟು ಜಾರಿ ಎಲೆಯ ತುದಿಗೆ ಬಂದು ಕೂರುತ್ತಿತ್ತು. ಅಷ್ಟರಲ್ಲಿ ಸಾರಿನ ಬಕೆಟ್ಟು ಬಂತು. ಜೇಬಕ್ಕ ಬಡಿಸುವ ಹುಡುಗನಿಗೆ ಕೈಯಡ್ಡ ಹಿಡಿದು ಹೇಳಿದರು: "ಇವರಿಗೆ ನೋಡ್ಕೊಂಡು ಬಡಿಸಪ್ಪ, ಅನ್ನದ ಪಕ್ಕ ಕಾರ್ ಕೀ ಇದೆ."